ಎಪಿಆರ್‌ಎಸ್ ಮತ್ತು ಪ್ಯಾಕೆಟ್ ರೇಡಿಯೊ: ನಮ್ಮ ಊರಿಗೆ ಒಪ್ಪುವ ನಿಲ್ದಾಣ ಯಾವುದು?

ಎಪಿಆರ್‌ಎಸ್ ಎಂದರೆ ಸ್ಥಾನ, ಹವಾಮಾನ, ಚುಟುಕು ಸಂದೇಶಗಳನ್ನು ಪ್ಯಾಕೆಟ್ ಎಂಬ ಪುಟ್ಟ ದತ್ತಾಂಶದ ತುಣುಕುಗಳಾಗಿ ರೇಡಿಯೊದಲ್ಲಿ ಹಂಚಿಕೊಳ್ಳುವ ವ್ಯವಸ್ಥೆ. ಅದರಲ್ಲಿ ಆಸಕ್ತಿ ಹುಟ್ಟಿದ ಹ್ಯಾಮ್‌ಗಳು (ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರರು) ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಟ್ರ್ಯಾಕರ್ (ತನ್ನ ಸ್ಥಾನವನ್ನು ಪ್ರಸಾರ ಮಾಡುವ ಸಾಧನ) ಕೊಳ್ಳಬೇಕು, ಯಾವ ಹ್ಯಾಂಡ್‌ಸೆಟ್‌ನಲ್ಲಿ (ಕೈಯಲ್ಲಿ ಹಿಡಿಯುವ ರೇಡಿಯೊದಲ್ಲಿ) ಆ ಸೌಲಭ್ಯ ಚೆನ್ನಾಗಿದೆ ಎಂದು. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇನ್ನೊಂದಿದೆ: ನಾವು ಕಳುಹಿಸುವ ಪ್ಯಾಕೆಟ್ ಯಾರ ಕಿವಿಗೆ ಬೀಳುತ್ತದೆ? ಉತ್ತರ ಅಮೆರಿಕ ಮತ್ತು ಯುರೋಪಿನ ಬಹುಪಾಲು ಪ್ರದೇಶಗಳಲ್ಲಿ ಬೆಟ್ಟಗಳ ಮೇಲೆ, ಎತ್ತರದ ಕಟ್ಟಡಗಳ ಮೇಲೆ ಡಿಜಿಪೀಟರ್‌ಗಳು (ಕೇಳಿದ ಪ್ಯಾಕೆಟ್ಟನ್ನು ಮತ್ತೆ ಪ್ರಸಾರ ಮಾಡುವ ನಿಲ್ದಾಣಗಳು) ದಟ್ಟವಾಗಿರುವುದರಿಂದ, ಅಲ್ಲಿ ಪುಟ್ಟ ಟ್ರ್ಯಾಕರ್ ಒಂದನ್ನು ಕಾರಿಗೆ ಜೋಡಿಸಿಬಿಟ್ಟರೂ ಅದರ ಸಂದೇಶ ಎಲ್ಲಾದರೂ ತಲುಪಿಯೇ ತಲುಪುತ್ತದೆ. ಡಿಜಿಪೀಟರ್‌ಗಳು ವಿರಳವಾಗಿರುವ ನಮ್ಮ ಬಹಳಷ್ಟು ತಾಲ್ಲೂಕುಗಳಲ್ಲಿ ಅದೇ ಟ್ರ್ಯಾಕರ್ ದಿನವಿಡೀ ಪ್ರಸಾರ ಮಾಡುತ್ತಿದ್ದರೂ ಕೇಳಿಸಿಕೊಳ್ಳುವವರಿರುವುದಿಲ್ಲ. ಹಾಗಾಗಿ ಅಲ್ಲಿನ ಶಿಫಾರಸುಗಳನ್ನು ಇದ್ದಂತೆಯೇ ಇಲ್ಲಿಗೆ ತಂದುಕೊಂಡರೆ ಹಣ ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಪ್ರದೇಶದಲ್ಲಿ ಮೊದಲ ಹಣವೂ ಮೊದಲ ಶ್ರಮವೂ ಕೇಳುವ ನಿಲ್ದಾಣಕ್ಕೆ ಸಲ್ಲಬೇಕು, ಹೇಳುವ ಸಾಧನಗಳು ಆಮೇಲೆ ಬರಲಿ.

ಆಯ್ಕೆಗೆ ಮುನ್ನ ತಿಳಿದಿರಬೇಕಾದದ್ದು

ಎಪಿಆರ್‌ಎಸ್ ವ್ಯವಸ್ಥೆಯನ್ನು ರೂಪಿಸಿದವರು ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ. 1980ರ ದಶಕದಲ್ಲಿ ಅವರು ಹಡಗುಗಳ ಸ್ಥಾನವನ್ನು ನಕ್ಷೆಯ ಮೇಲೆ ತೋರಿಸಲು ಮಾಡಿದ ಪ್ರಯತ್ನಗಳಿಂದ ಆರಂಭವಾದ ಈ ಕೆಲಸ, 1990ರ ದಶಕದಲ್ಲಿ ಜಿಪಿಎಸ್ ಅಗ್ಗವಾದ ಮೇಲೆ ಜಗತ್ತಿನಾದ್ಯಂತ ಹರಡಿತು. 2022ರಲ್ಲಿ ತೀರಿಕೊಳ್ಳುವವರೆಗೂ ಬ್ರುನಿಂಗಾ ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು: ಇದು ವಾಹನಗಳ ಬೆನ್ನು ಹತ್ತುವ ವ್ಯವಸ್ಥೆ ಮಾತ್ರವಲ್ಲ, ಒಂದು ಪ್ರದೇಶದಲ್ಲಿ ಈ ಕ್ಷಣ ಏನು ನಡೆಯುತ್ತಿದೆ ಎಂಬುದನ್ನು ಎಲ್ಲರೂ ಹಂಚಿಕೊಳ್ಳುವ ವ್ಯವಸ್ಥೆ. ಯಾರು ಎಲ್ಲಿದ್ದಾರೆ, ಸ್ಥಳೀಯ ರಿಪೀಟರ್‌ನ (ಮಾತನ್ನು ಮರುಪ್ರಸಾರ ಮಾಡುವ ನಿಲ್ದಾಣದ) ಆವರ್ತನ ಯಾವುದು, ಹವಾಮಾನ ಕೇಂದ್ರದ ಮಳೆಮಾಪಕ ಏನು ತೋರಿಸುತ್ತಿದೆ, ಯಾವ ರಸ್ತೆ ಮುಚ್ಚಿದೆ, ಇಬ್ಬರ ನಡುವೆ ಹೋಗುವ ಚುಟುಕು ಸಂದೇಶ ಏನು, ಇವೆಲ್ಲವೂ ಒಂದೇ ಆವರ್ತನದಲ್ಲಿ ಹರಿಯುತ್ತವೆ. ಈ ಮಾತನ್ನು ಒಪ್ಪಿಕೊಂಡರೆ, ಬರೀ ಹೇಳುವ, ಏನನ್ನೂ ಕೇಳದ ಸಾಧನದ ಬೆಲೆ ತಾನಾಗಿಯೇ ಇಳಿಯುತ್ತದೆ.

ತಾಂತ್ರಿಕವಾಗಿ ಎಪಿಆರ್‌ಎಸ್ ನಿಂತಿರುವುದು ಎಎಕ್ಸ್.25 ಎಂಬ ಪ್ಯಾಕೆಟ್ ನಿಯಮಾವಳಿಯ ಮೇಲೆ. ಹವ್ಯಾಸಿಗಳ ಪ್ಯಾಕೆಟ್ ರೇಡಿಯೊ 1978ರಲ್ಲಿ ಕೆನಡಾದಲ್ಲಿ ಚಿಗುರಿ, 1980ರ ದಶಕದಲ್ಲಿ ಅಮೆರಿಕದ ಟೂಸಾನ್‌ನ ಹವ್ಯಾಸಿ ಗುಂಪು ಟಿಎನ್‌ಸಿ ಎಂಬ ಮೋಡೆಮ್ ಪೆಟ್ಟಿಗೆಯನ್ನು ಮನೆಮನೆಯಲ್ಲಿ ಜೋಡಿಸಿಕೊಳ್ಳಬಹುದಾದ ಕಿಟ್ ಆಗಿ ಕೊಟ್ಟ ಮೇಲೆ ವ್ಯಾಪಕವಾಯಿತು. ಎಎಕ್ಸ್.25ರಲ್ಲಿ ಎರಡು ಬಗೆಯ ವ್ಯವಹಾರಗಳಿವೆ. ಒಂದರಲ್ಲಿ ಎರಡು ನಿಲ್ದಾಣಗಳು ಪರಸ್ಪರ ಸಂಪರ್ಕ ಏರ್ಪಡಿಸಿಕೊಂಡು, ಪ್ರತಿ ಚೌಕಟ್ಟಿಗೂ (ಪ್ಯಾಕೆಟ್ಟಿಗೂ) ಸ್ವೀಕೃತಿ ಪಡೆದು, ಕಳೆದುಹೋದದ್ದನ್ನು ಮತ್ತೆ ಕಳುಹಿಸುತ್ತವೆ. ಇನ್ನೊಂದರಲ್ಲಿ ಚೌಕಟ್ಟನ್ನು ಗಾಳಿಗೆ ಬಿಟ್ಟರಾಯಿತು. ಕೇಳಿದವರು ಕೇಳಿದರು, ಸ್ವೀಕೃತಿಯ ನಿರೀಕ್ಷೆಯಿಲ್ಲ. ಎಪಿಆರ್‌ಎಸ್ ಬಳಸುವುದು ಎರಡನೆಯದನ್ನು. ಮೊದಲನೆಯದರಿಂದ ಅಂಚೆಪೆಟ್ಟಿಗೆಗಳು, ಕಡತ ವರ್ಗಾವಣೆ, ವಿನ್‌ಲಿಂಕ್ ಎಂಬ ರೇಡಿಯೊ ಇಮೇಲ್ ಮುಂತಾದವು ಹುಟ್ಟಿವೆ. ಆಯ್ಕೆಯ ಮೊದಲ ಕವಲು ಇಲ್ಲಿಯೇ ಇದೆ. ಅನೇಕರಿಗೆ ಒಂದೇ ಬಾರಿಗೆ ಗೊತ್ತಾಗಬೇಕಾದ, ಹತ್ತು ನಿಮಿಷದಲ್ಲಿ ಹಳತಾಗುವ ಮಾಹಿತಿಯಾದರೆ ಎಪಿಆರ್‌ಎಸ್. ಒಬ್ಬರಿಗೆ ಒಂದಕ್ಷರವೂ ತಪ್ಪದೆ ತಲುಪಬೇಕಾದ ದಾಖಲೆಯಾದರೆ ಸಂಪರ್ಕಬದ್ಧ ಪ್ಯಾಕೆಟ್.

ಎರಡನೆಯ ಸಂಗತಿ ಕಾಲುವೆಯ, ಅಂದರೆ ಎಲ್ಲರೂ ಹಂಚಿಕೊಳ್ಳುವ ಆ ಒಂದೇ ಆವರ್ತನದ, ಸಾಮರ್ಥ್ಯಕ್ಕೆ ಸಂಬಂಧಿಸಿದ್ದು, ಇದನ್ನು ಎಲ್ಲರೂ ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. ವಿಎಚ್‌ಎಫ್‌ನಲ್ಲಿ (ಇಲ್ಲಿ 144 ಮೆಗಾಹರ್ಟ್ಸ್ ಆಸುಪಾಸಿನ ಆವರ್ತನಗಳಲ್ಲಿ) ಎಪಿಆರ್‌ಎಸ್‌ನ ವೇಗ ಸೆಕೆಂಡಿಗೆ 1200 ಬಿಟ್, ಅಂದರೆ 150 ಬೈಟ್. ಒಂದು ಮತ್ತು ಸೊನ್ನೆಗಳನ್ನು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳು ಹೊರುತ್ತವೆ. ವಿಳಾಸ, ಮಾರ್ಗ, ಸ್ಥಾನ, ಟಿಪ್ಪಣಿ ಎಲ್ಲ ಸೇರಿ 90 ಬೈಟಿನ ಒಂದು ಪ್ಯಾಕೆಟ್‌ಗೆ 0.6 ಸೆಕೆಂಡು ಬೇಕು, ರೇಡಿಯೊ ಪ್ರಸಾರಕ್ಕೆ ಸಜ್ಜಾಗುವ 0.3 ಸೆಕೆಂಡು ಸೇರಿದರೆ 0.9 ಸೆಕೆಂಡು. ಒಬ್ಬರನ್ನೊಬ್ಬರು ಕೇಳಲಾಗದ ನಿಲ್ದಾಣಗಳು ಮನಬಂದಾಗ ಪ್ರಸಾರ ಮಾಡುವ ವ್ಯವಸ್ಥೆಯಲ್ಲಿ ಸಮಯದ ಸುಮಾರು 18 ಶೇಕಡಾ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ, ಉಳಿದದ್ದು ಖಾಲಿ ಹೋಗುತ್ತದೆ ಅಥವಾ ಡಿಕ್ಕಿಯಲ್ಲಿ ಹಾಳಾಗುತ್ತದೆ ಎಂಬುದು ಹವಾಯಿ ವಿಶ್ವವಿದ್ಯಾಲಯದ ಅಲೋಹಾ ಜಾಲದ ಕಾಲದಿಂದ, ಅಂದರೆ 1970ರ ದಶಕದ ಆರಂಭದಿಂದ, ತಿಳಿದಿರುವ ಗಣಿತ. ಆ ಲೆಕ್ಕದಲ್ಲಿ ನಿಮಿಷಕ್ಕೆ ಹನ್ನೆರಡರ ಆಸುಪಾಸು ಪ್ಯಾಕೆಟ್‌ಗಳು ದಕ್ಕುತ್ತವೆ. ಪ್ರತಿಯೊಂದನ್ನೂ ಡಿಜಿಪೀಟರ್ ಮತ್ತೊಮ್ಮೆ ಪ್ರಸಾರ ಮಾಡುವುದರಿಂದ ಮೂಲ ಪ್ಯಾಕೆಟ್‌ಗಳು ಆರಕ್ಕೆ ಇಳಿಯುತ್ತವೆ. ಒಂದು ಕಾರು ರ್‍ಯಾಲಿಯಲ್ಲಿ ಹತ್ತು ವಾಹನಗಳು ಅರ್ಧ ನಿಮಿಷಕ್ಕೊಮ್ಮೆ ಸ್ಥಾನ ಹೇಳತೊಡಗಿದರೆ ನಿಮಿಷಕ್ಕೆ ಇಪ್ಪತ್ತಾಯಿತು, ಕಾಲುವೆ ಮುಳುಗಿತು. ಸಾಧನ ಎಷ್ಟೇ ದುಬಾರಿಯಾಗಿದ್ದರೂ ಈ ಮಿತಿಯನ್ನು ಅದು ದಾಟಿಸಲಾರದು.

ಪ್ರಸಾರ ಮಾತ್ರ ಮಾಡುವ ಟ್ರ್ಯಾಕರ್

ಜಿಪಿಎಸ್ ಮಾಡ್ಯೂಲ್, ಬೈಯಾನಿಕ್ಸ್‌ನ ಟೈನಿಟ್ರ್ಯಾಕ್‌ನಂಥ ಮೈಕ್ರೊಕಂಟ್ರೋಲರ್ ಹಲಗೆ ಮತ್ತು ಒಂದು ಅಗ್ಗದ ಹ್ಯಾಂಡ್‌ಸೆಟ್ ಸೇರಿದರೆ ಟ್ರ್ಯಾಕರ್ ಸಿದ್ಧ. ಬೆಲೆ ಕಡಿಮೆ, ಗಾತ್ರ ಚಿಕ್ಕದು, ವಿದ್ಯುತ್ ಖರ್ಚೂ ಅಲ್ಪ. ಎತ್ತರಕ್ಕೆ ಹಾರುವ ಬಲೂನುಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬಲೂನು ಯಾರ ಮಾತನ್ನೂ ಕೇಳಬೇಕಾಗಿಲ್ಲ, ಅದು ಇರುವ ಎತ್ತರದಿಂದ ನೂರಾರು ಕಿಲೋಮೀಟರ್ ದೂರದವರಿಗೂ ಅದರ ಪ್ಯಾಕೆಟ್ ಕೇಳಿಸುತ್ತದೆ. ನೆಲದ ಮೇಲಿನ ಬಳಕೆಗೆ ಮಾತ್ರ ನಾನು ಇದನ್ನು ಕೊನೆಯ ಸ್ಥಾನದಲ್ಲಿಡುತ್ತೇನೆ. ಕೇಳಲಾರದ ಟ್ರ್ಯಾಕರ್‌ಗೆ ಕಾಲುವೆ ಖಾಲಿಯಿದೆಯೋ ಇಲ್ಲವೋ ತಿಳಿಯದು, ಇನ್ನೊಬ್ಬರ ಮಾತಿನ ಮೇಲೆ ತನ್ನದನ್ನು ಹೇರುತ್ತದೆ. ತನ್ನ ಪ್ಯಾಕೆಟ್ ಮರುಪ್ರಸಾರವಾಯಿತೇ ಎಂಬುದೂ ಅದರ ಒಡೆಯನಿಗೆ ತಿಳಿಯದು. ಕಾಡಿನ ಚಾರಣದಲ್ಲಿ ಹೊರಟವರು ಇದನ್ನು ನಂಬಿ, ಯಾರೋ ತಮ್ಮನ್ನು ನಕ್ಷೆಯಲ್ಲಿ ನೋಡುತ್ತಿದ್ದಾರೆ ಎಂದು ಭಾವಿಸಿಕೊಳ್ಳುವುದು ನಿಜಕ್ಕೂ ಅಪಾಯಕಾರಿ.

ಎಲ್ಲವೂ ಒಳಗೇ ಇರುವ ಹ್ಯಾಂಡ್‌ಸೆಟ್ ಮತ್ತು ವಾಹನದ ರೇಡಿಯೊ

ಇಲ್ಲಿ ಸ್ಪರ್ಧೆ ಮುಖ್ಯವಾಗಿ ಕೆನ್‌ವುಡ್ ಮತ್ತು ಯಾಸು ಕಂಪನಿಗಳ ನಡುವೆ. ಟಿಎನ್‌ಸಿಯನ್ನು ಹ್ಯಾಂಡ್‌ಸೆಟ್ಟಿನ ಹೊಟ್ಟೆಯೊಳಗೇ ಇಟ್ಟ ಪರಂಪರೆಯನ್ನು ಕೆನ್‌ವುಡ್ 1990ರ ದಶಕದ ಕೊನೆಯ ಟಿಎಚ್-ಡಿ7ರಿಂದ ಆರಂಭಿಸಿ ಡಿ72, ಡಿ74, ಈಗಿನ ಡಿ75ರವರೆಗೆ ತಂದಿದೆ. ವಾಹನಕ್ಕೆ ಟಿಎಂ-ಡಿ710ಜಿ ಇತ್ತು. ಯಾಸುವಿನಲ್ಲಿ ಎಫ್‌ಟಿ3ಡಿ, ಎಫ್‌ಟಿ5ಡಿ ಹ್ಯಾಂಡ್‌ಸೆಟ್‌ಗಳೂ ಎಫ್‌ಟಿಎಂ-400ರಂಥ ವಾಹನದ ರೇಡಿಯೊಗಳೂ ಬಂದಿವೆ. ಪರದೆಯ ಸೊಗಸು, ಗುಂಡಿಗಳ ಅನುಕೂಲ ಇವನ್ನೆಲ್ಲ ಅವರವರ ಅಭಿರುಚಿಗೆ ಬಿಡಬಹುದು. ಕೊಳ್ಳುವ ಮುನ್ನ ತಿಳಿಯಲೇಬೇಕಾದ ವ್ಯತ್ಯಾಸ ಒಂದೇ: ಕೆನ್‌ವುಡ್‌ನ ಡಿ74, ಡಿ75ಗಳ ಟಿಎನ್‌ಸಿಯನ್ನು ಕಿಸ್ ಎಂಬ ವಿಧಾನದಲ್ಲಿ ಯುಎಸ್‌ಬಿ ಅಥವಾ ಬ್ಲೂಟೂತ್ ಮೂಲಕ ಹೊರಗಿನ ಕಂಪ್ಯೂಟರಿಗೋ ಫೋನಿಗೋ ತೆರೆದಿಡಬಹುದು, ಯಾಸು ಹ್ಯಾಂಡ್‌ಸೆಟ್‌ಗಳ ಮೋಡೆಮ್ ಒಳಗಿನ ಎಪಿಆರ್‌ಎಸ್‌ಗೆ ಮೀಸಲು. ಇಂದು ಎಪಿಆರ್‌ಎಸ್ ಸಾಕು ಎಂದುಕೊಂಡವರು ನಾಳೆ ಅದೇ ರೇಡಿಯೊದಿಂದ ವಿನ್‌ಲಿಂಕ್ ಕಳುಹಿಸಲು ಬಯಸಿದಾಗ ಈ ಒಂದು ಅಂಶ ಎಲ್ಲವನ್ನೂ ನಿರ್ಧರಿಸುತ್ತದೆ. ಇನ್ನೂ ಒಂದು ಗುಣವನ್ನು ನಾನು ಬಹಳ ಮೆಚ್ಚುತ್ತೇನೆ: ಡಿ75 ಹಾಗೂ ಡಿ710ಜಿಗಳು ಕಂಪ್ಯೂಟರಿನ ನೆರವಿಲ್ಲದೆ ತಾವೇ ಡಿಜಿಪೀಟರ್ ಆಗಬಲ್ಲವು.

ಈ ವರ್ಗದ ತೊಂದರೆ ಬೆಲೆ. ವಿದೇಶದಿಂದ ತರಿಸುವವರು ಆಮದು ಅನುಮತಿ ಮತ್ತು ಸುಂಕವನ್ನೂ ಬೆಲೆಗೆ ಸೇರಿಸಿಯೇ ಯೋಚಿಸಬೇಕು. ಇನ್ನೊಂದು, ಹ್ಯಾಂಡ್‌ಸೆಟ್ ಎಷ್ಟೇ ಒಳ್ಳೆಯದಾದರೂ 5 ವಾಟ್ ಮತ್ತು ರಬ್ಬರ್ ಆಂಟೆನಾದ ಮಿತಿ ಅದಕ್ಕಿದೆ. ಕಾರಿನೊಳಗೆ ಕುಳಿತು ಹ್ಯಾಂಡ್‌ಸೆಟ್‌ನಿಂದ ಎಪಿಆರ್‌ಎಸ್ ನಡೆಸುವುದಕ್ಕಿಂತ ಛಾವಣಿಯ ಮೇಲೆ ಕಾಲು ತರಂಗದ ಆಂಟೆನಾ ಹಾಕಿದ ಹಳೆಯ 25 ವಾಟಿನ ರೇಡಿಯೊ ಎಷ್ಟೋ ಮೇಲು.

ಫೋನ್ ಮತ್ತು ಬ್ಲೂಟೂತ್ ಟಿಎನ್‌ಸಿ

ಈಗಾಗಲೇ ಸಾಧಾರಣ ಹ್ಯಾಂಡ್‌ಸೆಟ್ ಇರುವವರಿಗೆ ಇದು ನ್ಯಾಯವಾದ ಮಧ್ಯಮ ಮಾರ್ಗ. ಆಂಡ್ರಾಯ್ಡ್ ಫೋನಿನಲ್ಲಿ ಎಪಿಆರ್‌ಎಸ್‌ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ, ರೇಡಿಯೊಗೆ ಮೊಬಿಲಿಂಕ್ಡ್‌ನಂಥ ಪುಟ್ಟ ಟಿಎನ್‌ಸಿ. ನಕ್ಷೆ, ಕೀಲಿಮಣೆ, ಜಿಪಿಎಸ್ ಮೂರೂ ಫೋನಿನಿಂದಲೇ ಬರುತ್ತವೆ. ಬರೀ ಆಡಿಯೊ ತಂತಿಯಿಂದ ಫೋನನ್ನೂ ರೇಡಿಯೊವನ್ನೂ ಜೋಡಿಸಿ, ಪ್ರಸಾರವನ್ನು ವಾಕ್ಸ್‌ಗೆ (ಸದ್ದು ಬಂದಾಗ ತಾನಾಗಿಯೇ ಪ್ರಸಾರ ಆರಂಭಿಸುವ ಸೌಲಭ್ಯಕ್ಕೆ) ಬಿಡುವ ಇನ್ನೂ ಅಗ್ಗದ ದಾರಿಯೂ ಇದೆ. ಅದನ್ನು ಪ್ರಯೋಗಕ್ಕೆ ಬಳಸಿ, ಅವಲಂಬಿಸಬೇಡಿ. ವಾಕ್ಸ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಕಡಿದುಹೋಗಿರುತ್ತದೆ, ಮುಗಿದ ಮೇಲೂ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಕಾಲುವೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ; ಮೇಲಿನ ಲೆಕ್ಕವನ್ನು ನೆನಪಿಸಿಕೊಂಡರೆ ಆ ಅರ್ಧ ಸೆಕೆಂಡಿನ ಬೆಲೆ ತಿಳಿಯುತ್ತದೆ.

ಮನೆಯ ಸ್ಥಿರ ನಿಲ್ದಾಣ: ನನ್ನ ಮೊದಲ ಆಯ್ಕೆ

ಡೈರ್ ವುಲ್ಫ್ ಎಂಬ ಉಚಿತ ತಂತ್ರಾಂಶ ಬಂದ ಮೇಲೆ ಟಿಎನ್‌ಸಿ ಪೆಟ್ಟಿಗೆಯ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗಿದೆ. ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್, ಯುಎಸ್‌ಬಿ ಸೌಂಡ್ ಕಾರ್ಡ್, ಪ್ರಸಾರದ ಗುಂಡಿಯನ್ನು ಒತ್ತುವ ಚಿಕ್ಕ ಸರ್ಕ್ಯೂಟ್, ಒಂದು ಎಫ್‌ಎಂ ರೇಡಿಯೊ, ಇಷ್ಟಿದ್ದರೆ ಮೋಡೆಮ್, ಡಿಜಿಪೀಟರ್, ಐಗೇಟ್, ಕಿಸ್ ಟಿಎನ್‌ಸಿ ನಾಲ್ಕೂ ಒಂದೇ ತಂತ್ರಾಂಶದಲ್ಲಿ ದೊರೆಯುತ್ತವೆ. ಸಂಕೇತವನ್ನು ಬಿಡಿಸುವುದರಲ್ಲಿ ಇದು ಹಳೆಯ ಟಿಎನ್‌ಸಿ ಪೆಟ್ಟಿಗೆಗಳನ್ನು ಹಿಂದಿಕ್ಕುತ್ತದೆ. ಸ್ವರಗಳ ಬಲ ಏರುಪೇರಾಗಿದ್ದರೂ ಹಲವು ಡಿಕೋಡರ್‌ಗಳನ್ನು ಏಕಕಾಲಕ್ಕೆ ಓಡಿಸಿ ಪ್ಯಾಕೆಟ್ಟನ್ನು ಹಿಡಿಯುತ್ತದೆ. ಕೇಳುವುದಕ್ಕಷ್ಟೇ ಆದರೆ ರೇಡಿಯೊ ಕೂಡ ಬೇಡ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಚಿಕ್ಕ ರಿಸೀವರ್) ಸಾಕು.

ಹೀಗೆ ಕಟ್ಟಿದ ನಿಲ್ದಾಣ ಐಗೇಟ್ ಆಗಬೇಕೇ, ಡಿಜಿಪೀಟರ್ ಆಗಬೇಕೇ? ಐಗೇಟ್ ಗಾಳಿಯಲ್ಲಿ ಕೇಳಿದ್ದನ್ನು ಅಂತರ್ಜಾಲದ ಎಪಿಆರ್‌ಎಸ್ ಸರ್ವರ್‌ಗಳಿಗೆ ಒಪ್ಪಿಸುತ್ತದೆ, ಅಲ್ಲಿಂದ ಅದು ಜಗತ್ತಿನ ಯಾರ ನಕ್ಷೆಯ ಮೇಲೂ ಕಾಣಿಸಬಹುದು. ಡಿಜಿಪೀಟರ್ ಕೇಳಿದ್ದನ್ನು ಗಾಳಿಯಲ್ಲೇ ಮತ್ತೆ ಹೇಳುತ್ತದೆ. ಮೊದಲನೆಯದು ಸುಲಭ, ಕಣ್ಣಿಗೆ ಕಾಣುವ ಫಲ ಕೊಡುತ್ತದೆ, ಅದಕ್ಕಾಗಿಯೇ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಆದರೆ ಪ್ರವಾಹದಲ್ಲಿ ಮೊಬೈಲ್ ಗೋಪುರಗಳು ನಿಂತಾಗ, ಕೇಬಲ್ ಕಡಿದಾಗ ಐಗೇಟ್ ಕೂಡ ಅವುಗಳೊಂದಿಗೇ ನಿಲ್ಲುತ್ತದೆ. ಹವ್ಯಾಸಿ ರೇಡಿಯೊ ಬೇಕಾಗುವುದೇ ಅಂಥ ಗಳಿಗೆಯಲ್ಲಿ. ಹಾಗಾಗಿ ಎರಡನ್ನೂ ನಡೆಸಿ, ಒಂದನ್ನೇ ಆರಿಸಬೇಕಾದರೆ ಡಿಜಿಪೀಟರ್ ಆರಿಸಿ ಎನ್ನುತ್ತೇನೆ. ಐಗೇಟ್ ನಡೆಸುವವರಿಗೆ ಒಂದು ಕೋರಿಕೆ: ಕೇಳಿ ಅಂತರ್ಜಾಲಕ್ಕೆ ಕಳುಹಿಸುವ ಅರ್ಧ ಐಗೇಟ್‌ಗೆ ತೃಪ್ತರಾಗದೆ, ಸ್ಥಳೀಯ ನಿಲ್ದಾಣಕ್ಕೆ ಬಂದ ಸಂದೇಶವನ್ನು ಗಾಳಿಗೂ ಬಿಡುವ ಇಮ್ಮುಖ ಐಗೇಟ್ ಮಾಡಿ, ಇಲ್ಲದಿದ್ದರೆ ಚಾರಣಿಗ ಕಳುಹಿಸಿದ ಪ್ರಶ್ನೆ ಹೊರಗೆ ಹೋಗುತ್ತದೆ, ಉತ್ತರ ಮಾತ್ರ ಅವನನ್ನು ಎಂದೂ ತಲುಪುವುದಿಲ್ಲ. ಅದಕ್ಕೂ ಮುನ್ನ ನಿಮ್ಮ ಪರವಾನಗಿಯ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ. ಸರ್ವರ್‌ನ ಪಾಸ್‌ಕೋಡ್ ಕರೆ ಸಂಕೇತದಿಂದಲೇ ಲೆಕ್ಕ ಹಾಕಿ ಪಡೆಯುವಂಥದ್ದು, ಅದು ಗುಟ್ಟಲ್ಲ. ಆದ್ದರಿಂದ ಅಂತರ್ಜಾಲದಿಂದ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಗಾಳಿಗೆ ಸುರಿಯುವಂತೆಯೂ ಇಲ್ಲ.

ಡಿಜಿಪೀಟರ್‌ನ ಬೆಲೆಯನ್ನು ನಿರ್ಧರಿಸುವುದು ಎತ್ತರ. ರೇಡಿಯೊ ದಿಗಂತದ ದೂರ ಕಿಲೋಮೀಟರಿನಲ್ಲಿ ಬೇಕಾದರೆ, ಆಂಟೆನಾ ಸುತ್ತಲಿನ ನೆಲಕ್ಕಿಂತ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಬೇಕು. ಮೂರಂತಸ್ತಿನ ಮನೆಯ ಮೇಲೆ 15 ಮೀಟರ್ ಎತ್ತರದ ಆಂಟೆನಾಗೆ ದಿಗಂತ 16 ಕಿಲೋಮೀಟರ್. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ನೆಲಕ್ಕಿಂತ 558 ಮೀಟರ್ ಮೇಲಿದೆ. ಅಲ್ಲಿನ ದಿಗಂತ ಲೆಕ್ಕದಲ್ಲಿ 97 ಕಿಲೋಮೀಟರ್. ಬಯಲುಸೀಮೆಯಲ್ಲಿ ಇಂಥ ಒಂದು ಒಂಟಿ ಬೆಟ್ಟ ಒಂದು ಜಿಲ್ಲೆಯನ್ನೇ ತುಂಬಬಲ್ಲದು. ಮಲೆನಾಡಿನಲ್ಲಿ ಈ ಸೂತ್ರವನ್ನು ನಂಬುವಂತಿಲ್ಲ. ಅಲ್ಲಿ ಶಿಖರ ಎತ್ತರವಿದ್ದರೂ ಪಕ್ಕದ ಏಣು ಕಣಿವೆಯನ್ನು ಮರೆಮಾಡುತ್ತದೆ, ಒದ್ದೆ ಕಾಡು ಇನ್ನಷ್ಟು ನುಂಗುತ್ತದೆ. ಒಂದು ದೊಡ್ಡ ಡಿಜಿಪೀಟರ್‌ಗಿಂತ ಕಣಿವೆಯ ಬಾಯಿಗಳಲ್ಲಿ ಎರಡು ಮೂರು ಚಿಕ್ಕವು ಹೆಚ್ಚು ಕೆಲಸ ಮಾಡುತ್ತವೆ.

ಮನೆಯ ಡಿಜಿಪೀಟರ್ ಪ್ಯಾಕೆಟ್ಟಿನ ಮಾರ್ಗದಲ್ಲಿ ಬರೆದಿರುವ ಮರುಪ್ರಸಾರದ ಯಾವ ವಿನಂತಿಗೆ ಓಗೊಡಬೇಕು ಎಂಬುದರಲ್ಲಿ ಶಿಸ್ತು ಬೇಕು. ತಗ್ಗಿನ ನಿಲ್ದಾಣ ವೈಡ್1-1ಕ್ಕೆ ಮಾತ್ರ ಉತ್ತರಿಸಲಿ. ವೈಡ್2ಕ್ಕೆ ಉತ್ತರಿಸುವುದನ್ನು ಬೆಟ್ಟದ ಮೇಲಿನ ನಿಲ್ದಾಣಕ್ಕೆ ಬಿಡಲಿ. ವಾಹನದ ನಿಲ್ದಾಣ ತನ್ನ ಮಾರ್ಗವನ್ನು ವೈಡ್1-1, ವೈಡ್2-1 ಎಂದು ಕೊಟ್ಟರೆ ಮೊದಲ ಜಿಗಿತ ಹತ್ತಿರದ ಮನೆಯಿಂದ, ಎರಡನೆಯದು ಬೆಟ್ಟದಿಂದ ಆಗುತ್ತದೆ. ಒಂದೇ ಬಡಾವಣೆಯ ನಾಲ್ಕು ಮನೆಗಳು ಎಲ್ಲಕ್ಕೂ ಓಗೊಡುತ್ತ ಕುಳಿತರೆ ಒಂದೇ ಪ್ಯಾಕೆಟ್ ನಾಲ್ಕು ಬಾರಿ ಕಾಲುವೆಯನ್ನು ತಿನ್ನುತ್ತದೆ. ಸ್ಥಿರ ನಿಲ್ದಾಣದ ಬೀಕನ್ (ತನ್ನ ಸ್ಥಾನದ ಪ್ರಸಾರ) ಅರ್ಧ ಗಂಟೆಗೊಮ್ಮೆ ಸಾಕು. ವಾಹನಕ್ಕೆ ಸ್ಮಾರ್ಟ್‌ಬೀಕನಿಂಗ್ ಹಾಕಿ. ಅದು ವೇಗವನ್ನೂ ತಿರುವನ್ನೂ ನೋಡಿ, ನೇರ ರಸ್ತೆಯಲ್ಲಿ ವಿರಳವಾಗಿ, ತಿರುವಿನಲ್ಲಿ ಬೇಗನೆ ಸ್ಥಾನ ಹೇಳುತ್ತದೆ.

ಹೊಸ ನಿಲ್ದಾಣಗಳ ಪ್ಯಾಕೆಟ್ ಇತರರಿಗೆ ಬಿಡಿಸಲಾಗದಿರುವುದಕ್ಕೆ ಅತಿ ಸಾಮಾನ್ಯ ಕಾರಣ ಶಕ್ತಿಯ ಕೊರತೆಯಲ್ಲ, ಆಡಿಯೊ ಮಟ್ಟದ ಅತಿರೇಕ. ವಿಚಲನ (ಆಡಿಯೊಗೆ ತಕ್ಕಂತೆ ಆವರ್ತನ ಸರಿಯುವ ಪ್ರಮಾಣ) 3ರಿಂದ 3.5 ಕಿಲೋಹರ್ಟ್ಸ್ ಇರಲಿ; ಅದನ್ನು ಮೀರಿದರೆ ಸ್ವರಗಳು ವಿಕಾರಗೊಳ್ಳುತ್ತವೆ, ಕಿವಿಗೆ ಜೋರಾಗಿ ಕೇಳಿಸಿದರೂ ಯಾವ ಡಿಕೋಡರ್‌ಗೂ ದಕ್ಕುವುದಿಲ್ಲ. ರೇಡಿಯೊದ ಹಿಂಭಾಗದಲ್ಲಿ ಡೇಟಾ ಸಾಕೆಟ್ ಇದ್ದರೆ ಮೈಕ್ ಮತ್ತು ಸ್ಪೀಕರ್ ಬಿಟ್ಟು ಅದನ್ನೇ ಬಳಸಿ, ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಸದ್ದಡಗಿಸುವ ನಿಯಂತ್ರಣ) ಪೂರ್ತಿ ತೆರೆದಿಡಿ. ಆವರ್ತನದ ವಿಷಯದಲ್ಲಿ ವಿದೇಶದ ಕೈಪಿಡಿಗಳು ದಾರಿ ತಪ್ಪಿಸುತ್ತವೆ: ಉತ್ತರ ಅಮೆರಿಕದಲ್ಲಿ 144.390, ಯುರೋಪಿನಲ್ಲಿ 144.800, ಜಪಾನಿನಲ್ಲಿ 144.640 ಮೆಗಾಹರ್ಟ್ಸ್ ಎಂದು ಜಗತ್ತು ಹಂಚಿಹೋಗಿದೆ. ನಮ್ಮ 144ರಿಂದ 146 ಮೆಗಾಹರ್ಟ್ಸ್‌ನೊಳಗೆ ನೆರೆಯ ನಿಲ್ದಾಣಗಳು ಯಾವುದರಲ್ಲಿ ನಿಜವಾಗಿ ಕೇಳುತ್ತಿವೆ ಎಂಬುದನ್ನು ಸ್ಥಳೀಯ ಕ್ಲಬ್‌ನಲ್ಲಿ ವಿಚಾರಿಸಿ, ಕೆಲವು ದಿನ ಆಲಿಸಿ, ಆಮೇಲೆ ನಿಗದಿ ಮಾಡಿಕೊಳ್ಳಿ.

ಲೋರಾ ಎಪಿಆರ್‌ಎಸ್

ಟಿ-ಬೀಮ್, ಹೆಲ್ಟೆಕ್ ಮುಂತಾದ ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಹಲಗೆಗಳ ಮೇಲೆ, ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ಲೋರಾ ಎಂಬ ಪ್ರಸಾರ ವಿಧಾನದಲ್ಲಿ ನಡೆಯುವ ಲೋರಾ ಎಪಿಆರ್‌ಎಸ್ ಈಚಿನ ವರ್ಷಗಳಲ್ಲಿ ಯುರೋಪಿನಲ್ಲಿ ವೇಗವಾಗಿ ಬೆಳೆದಿದೆ, ಬೆಳೆದದ್ದಕ್ಕೆ ಕಾರಣವೂ ಇದೆ. ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂಕೇತವನ್ನು ಎಷ್ಟು ಹರಡಬೇಕೆಂಬ ಅಳತೆ) 12, ಅಗಲ 125 ಕಿಲೋಹರ್ಟ್ಸ್ ಇಟ್ಟುಕೊಂಡರೆ, 1200 ಬಾಡ್ (ಸೆಕೆಂಡಿಗೆ 1200 ಬಿಟ್) ಎಫ್‌ಎಂ ಪ್ಯಾಕೆಟ್‌ಗೆ ಬೇಕಾದದ್ದಕ್ಕಿಂತ ಹತ್ತಾರು ಪಟ್ಟು ದುರ್ಬಲವಾದ ಸಂಕೇತವನ್ನೂ ಅದು ಬಿಡಿಸುತ್ತದೆ. ಆದ್ದರಿಂದ 100 ಮಿಲಿವಾಟಿನ ಹಲಗೆ 5 ವಾಟಿನ ಹ್ಯಾಂಡ್‌ಸೆಟ್ಟಿಗೆ ಸಮನಾಗಿ ನಿಲ್ಲುತ್ತದೆ. ಜಿಪಿಎಸ್, ರೇಡಿಯೊ, ಬ್ಯಾಟರಿಯ ಜಾಗ ಎಲ್ಲ ಒಂದೇ ಹಲಗೆಯಲ್ಲಿರುವುದರಿಂದ ಬೆಲೆಯೂ ಕಡಿಮೆ, ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣೆ.

ಆದರೆ ಇಲ್ಲಿ ನಮ್ಮ ಓದುಗರು ಎಚ್ಚರ ವಹಿಸಲೇಬೇಕಾದ ಸಂಗತಿಯಿದೆ. ಯುರೋಪಿನ ಲೋರಾ ಎಪಿಆರ್‌ಎಸ್ ಆವರ್ತನ 433.775 ಮೆಗಾಹರ್ಟ್ಸ್. ಭಾರತದಲ್ಲಿ ಹವ್ಯಾಸಿಗಳಿಗೆ 70 ಸೆಂಟಿಮೀಟರ್ ಪಟ್ಟಿಯಲ್ಲಿ (ಆವರ್ತನಗಳ ವಲಯದಲ್ಲಿ) ಕೊಟ್ಟಿರುವುದು 434ರಿಂದ 438 ಮೆಗಾಹರ್ಟ್ಸ್. ಅಂದರೆ ತಂತ್ರಾಂಶವನ್ನು ಇಳಿಸಿಕೊಂಡು ಏನನ್ನೂ ಬದಲಿಸದೆ ಚಾಲೂ ಮಾಡಿದ ಹಲಗೆ ಮೊದಲ ಪ್ಯಾಕೆಟ್ಟಿನಿಂದಲೇ ನಮ್ಮ ಪಟ್ಟಿಯ ಹೊರಗಿರುತ್ತದೆ. 435ರಿಂದ 438 ಉಪಗ್ರಹಗಳ ಪಾಲು, ಅಲ್ಲಿ ನೆಲದ ಗದ್ದಲ ಮಾಡುವುದು ಸರಿಯಲ್ಲ. ಉಳಿದದ್ದು 434ರಿಂದ 435ರ ಒಂದು ಮೆಗಾಹರ್ಟ್ಸ್. 125 ಕಿಲೋಹರ್ಟ್ಸ್ ಅಗಲದ ಸಂಕೇತ ಅಂಚಿನಿಂದ ಒಳಗಿರುವಂತೆ ನಡುವಿನ ಒಂದು ಆವರ್ತನವನ್ನು ಸುತ್ತಲಿನ ಹ್ಯಾಮ್‌ಗಳೆಲ್ಲ ಕೂಡಿ ಒಪ್ಪಿಕೊಳ್ಳಬೇಕು. ಲೋರಾದ ವೇಗ ಸೆಕೆಂಡಿಗೆ 300 ಬಿಟ್‌ನಷ್ಟೂ ಇಲ್ಲ. 60 ಬೈಟಿನ ಪ್ಯಾಕೆಟ್ ಎರಡು ಸೆಕೆಂಡಿಗೂ ಹೆಚ್ಚು ಕಾಲ ಗಾಳಿಯಲ್ಲಿರುತ್ತದೆ, ಹಾಗಾಗಿ ದೂರ ಹೆಚ್ಚಿದಷ್ಟೂ ದಟ್ಟಣೆಯ ಸಹನೆ ಕಡಿಮೆಯಾಗುತ್ತದೆ. ವಿಎಚ್‌ಎಫ್‌ನ ಎಪಿಆರ್‌ಎಸ್ ಇದನ್ನು ಕೇಳಲಾರದು, ನಡುವೆ ಗೇಟ್‌ವೇ ಬೇಕೇ ಬೇಕು.

ಮೆಶ್‌ಟಾಸ್ಟಿಕ್ ಎಂಬ ಸಂದೇಶ ಜಾಲ ಇದೇ ಹಲಗೆಗಳ ಮೇಲೆ ನಡೆದರೂ ಬೇರೆ ಲೋಕ. ನಮ್ಮಲ್ಲಿ ಅದು ಪರವಾನಗಿ ಬೇಡದ ಪಟ್ಟಿಯಲ್ಲಿ 865ರಿಂದ 867 ಮೆಗಾಹರ್ಟ್ಸ್‌ನ ಭಾಗವನ್ನು ಬಳಸುತ್ತದೆ. ಪ್ರಸಾರಕದ ಶಕ್ತಿಗೆ 1 ವಾಟ್ ಮಿತಿ. ಹ್ಯಾಮ್ ಪರವಾನಗಿಯಿಲ್ಲದ ಮನೆಯವರು, ಚಾರಣದ ಸಂಗಾತಿಗಳು ಸೇರಬೇಕಾದ ಕಡೆ ಅದೇ ಸರಿಯಾದ ಆಯ್ಕೆ. ಅದರ ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತವೆ. ಹವ್ಯಾಸಿ ಪಟ್ಟಿಯಲ್ಲಿ ಗೂಢಲಿಪಿ ನಿಷಿದ್ಧವಾದ್ದರಿಂದ ಎರಡನ್ನೂ ಬೆರೆಸಬಾರದು.

ದಾಖಲೆ ಕಳುಹಿಸಬೇಕಾದವರಿಗೆ

ಪರಿಹಾರ ಶಿಬಿರದಿಂದ ಔಷಧಗಳ ಪಟ್ಟಿಯನ್ನೋ ಜನರ ಹೆಸರುಗಳನ್ನೋ ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕಾದಾಗ ಎಪಿಆರ್‌ಎಸ್‌ನ ಚುಟುಕು ಸಂದೇಶ ಸಾಲದು. ವಿನ್‌ಲಿಂಕ್ ಆ ಕೆಲಸಕ್ಕೆಂದೇ ಬೆಳೆದ ವ್ಯವಸ್ಥೆ. ಸಾಮಾನ್ಯ 1200 ಬಾಡ್ ಪ್ಯಾಕೆಟ್‌ನಲ್ಲಿ 10 ಕಿಲೋಬೈಟಿನ ಕಡತಕ್ಕೆ ಲೆಕ್ಕದಂತೆ 70 ಸೆಕೆಂಡು ಸಾಕಾದರೂ, ಸ್ವೀಕೃತಿ, ಸರದಿ ಬದಲಾವಣೆ, ಮರುಪ್ರಯತ್ನಗಳು ಸೇರಿ ಮೂರು ನಿಮಿಷ ಹಿಡಿಯುವುದು ಸಹಜ. ಫೋಟೊ ಕಳುಹಿಸುವ ಯೋಚನೆ ಬಿಡಿ, ಪಠ್ಯಕ್ಕೆ ಇದು ಧಾರಾಳ. ವಾರಾ ಎಫ್‌ಎಂ ಎಂಬ ಮೋಡೆಮ್ ತಂತ್ರಾಂಶ ಇದಕ್ಕಿಂತ ಹಲವು ಪಟ್ಟು ವೇಗವಾದದ್ದು, ಬಹಳ ಚೆನ್ನಾಗಿಯೂ ನಡೆಯುತ್ತದೆ. ಆದರೆ ಅದರ ಒಳಗುಟ್ಟು ಮುಚ್ಚಿದ್ದು, ವಿಂಡೋಸ್‌ಗಾಗಿ ಬರೆದದ್ದು, ಪೂರ್ಣ ವೇಗಕ್ಕೆ ಹಣ ಕೊಡಬೇಕು. ಪ್ರಯೋಗ ಮತ್ತು ಕಲಿಕೆಯೇ ಜೀವಾಳವಾದ ಹವ್ಯಾಸದಲ್ಲಿ ತೆರೆದು ನೋಡಲಾಗದ ಮೋಡೆಮ್ಮನ್ನು ನಾನು ಎರಡನೆಯ ಆಯ್ಕೆಯಾಗಿಯೇ ಇಟ್ಟುಕೊಳ್ಳುತ್ತೇನೆ. ಮೊದಲ ಆಯ್ಕೆ ದೋಷ ತಿದ್ದುವ ಸಂಕೇತಗಳನ್ನು ಸೇರಿಸಿದ ಪ್ಯಾಕೆಟ್: ಡೈರ್ ವುಲ್ಫ್‌ನಲ್ಲಿರುವ ಎಫ್‌ಎಕ್ಸ್.25ರ ಚೌಕಟ್ಟನ್ನು ಹಳೆಯ ಟಿಎನ್‌ಸಿಗಳೂ ಓದಬಲ್ಲವು. ಐಎಲ್2ಪಿ ಇನ್ನೂ ಮಿತವ್ಯಯಿ, ಆದರೆ ಎರಡೂ ಕಡೆ ಅದೇ ಇರಬೇಕು. ವಿನ್‌ಲಿಂಕ್‌ನಲ್ಲಿ ಅಂತರ್ಜಾಲವಿಲ್ಲದೆ ಎರಡು ನಿಲ್ದಾಣಗಳು ನೇರವಾಗಿ ಅಂಚೆ ಹಂಚಿಕೊಳ್ಳುವ ವಿಧಾನವೂ ಇದೆ. ಗೇಟ್‌ವೇ ಹತ್ತಿರದಲ್ಲಿಲ್ಲದ ಊರಿನವರು ಅದನ್ನೇ ಮೊದಲು ಕಲಿಯಬೇಕು.

ಆಕಾಶದ ಡಿಜಿಪೀಟರ್

ಸುತ್ತ ಒಂದೂ ನಿಲ್ದಾಣವಿಲ್ಲದ ಊರಿನಲ್ಲಿ ಒಬ್ಬರೇ ಹ್ಯಾಮ್ ಆಗಿರುವವರಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಿದೆ. ಅದರ ಪ್ಯಾಕೆಟ್ ಡಿಜಿಪೀಟರ್ ಚಾಲೂ ಇರುವಾಗ 145.825 ಮೆಗಾಹರ್ಟ್ಸ್‌ನಲ್ಲಿ ಕೇಳಿ, ಅದರಲ್ಲೇ ಹೇಳುತ್ತದೆ. ಮಾರ್ಗವನ್ನು ಆರಿಸ್ (ARISS) ಎಂದು ಕೊಟ್ಟು, ಕೈಯಲ್ಲಿ ಹಿಡಿಯುವ ಚಿಕ್ಕ ಯಾಗಿ ಆಂಟೆನಾದಿಂದ 5 ವಾಟಿನಲ್ಲೇ ಪ್ರಯತ್ನಿಸಬಹುದು. ಈ ಆವರ್ತನದಲ್ಲಿ ಡಾಪ್ಲರ್ ಪಲ್ಲಟ (ನಿಲ್ದಾಣದ ವೇಗದಿಂದ ಆವರ್ತನ ಸರಿಯುವುದು) ಮೂರೂವರೆ ಕಿಲೋಹರ್ಟ್ಸ್‌ನೊಳಗೆ ಇರುವುದರಿಂದ ಎಫ್‌ಎಂ ರೇಡಿಯೊ ಅದನ್ನು ಸಹಿಸಿಕೊಳ್ಳುತ್ತದೆ. ತಲೆಯ ಮೇಲಿನ ಹಾದಿಯೊಂದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಆ ಹತ್ತು ನಿಮಿಷ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದೊಳಗಿನವರೆಲ್ಲ ಅದೇ ಡಿಜಿಪೀಟರ್‌ಗೆ ಮಾತಾಡುತ್ತಿರುತ್ತಾರೆ. 2019ರ ಏಪ್ರಿಲ್ 1ರಂದು ಶ್ರೀಹರಿಕೋಟಾದಿಂದ ಏರಿದ ಪಿಎಸ್‌ಎಲ್‌ವಿ-ಸಿ45ರ ನಾಲ್ಕನೇ ಹಂತದಲ್ಲಿ ಹವ್ಯಾಸಿ ಉಪಗ್ರಹಗಳ ಸಂಘಟನೆಯಾದ ಆಮ್‌ಸ್ಯಾಟ್ ಇಂಡಿಯಾದ ಎಪಿಆರ್‌ಎಸ್ ಡಿಜಿಪೀಟರ್ ಕೂಡ ಇತ್ತು. ಬಳಸಿ ಎಸೆಯುವ ರಾಕೆಟ್ ಹಂತವನ್ನು ಪ್ರಯೋಗಪೀಠವಾಗಿ ಇಸ್ರೊ ಬಳಸಿದಾಗ ಹ್ಯಾಮ್‌ಗಳಿಗೂ ಅಲ್ಲಿ ಜಾಗ ಸಿಕ್ಕಿದ್ದು ನಮ್ಮೆಲ್ಲರಿಗೂ ಸಂತೋಷದ ವಿಷಯ. ಉಪಗ್ರಹದ ಮಾರ್ಗ ತುರ್ತು ಕೆಲಸಕ್ಕೆ ಒದಗದು, ಕಲಿಕೆಗೆ ಮಾತ್ರ ಅದು ಅತ್ಯುತ್ತಮ, ಅದೂ ಈಗಾಗಲೇ ಇರುವ ಸಲಕರಣೆಯಿಂದಲೇ.

ಕ್ಲಬ್ಬಿನ ಹಣದಿಂದ ಒಂದೇ ಒಂದನ್ನು ಕೊಳ್ಳುವುದಾದರೆ

ಐದಾರು ಜನರ ಕ್ಲಬ್ ಕೂಡಿ ಕೊಳ್ಳುವುದಾದರೆ, ಹೊತ್ತೊಯ್ಯಬಹುದಾದ ಡಿಜಿಪೀಟರ್ ಪೆಟ್ಟಿಗೆಯೊಂದನ್ನು ಕಟ್ಟಿ ಎಂದು ಒತ್ತಾಯಿಸುತ್ತೇನೆ. ಸಾದಾ ವಾಹನದ ರೇಡಿಯೊ, ರಾಸ್ಪ್‌ಬೆರಿ ಪೈ ಝೀರೊ, ಮಡಚುವ ಕಂಬ, ಜೆ-ಪೋಲ್ ಆಂಟೆನಾ, ಬ್ಯಾಟರಿ ಇವಿಷ್ಟೇ ಅದರ ಸಾಮಗ್ರಿ. ಶಕ್ತಿಯನ್ನು 10 ವಾಟಿಗೆ ಇಳಿಸಿದರೆ, ಕೇಳುತ್ತ ಕೂರಲು 0.6 ಆಂಪಿಯರ್, ಹತ್ತರಲ್ಲೊಂದು ಪಾಲು ಸಮಯ ಪ್ರಸಾರಕ್ಕೆಂದು ಸರಾಸರಿ 0.35 ಆಂಪಿಯರ್, ಒಟ್ಟು ದಿನಕ್ಕೆ 23 ಆಂಪಿಯರ್-ಗಂಟೆ ಬೇಕಾಗುತ್ತದೆ; 12 ವೋಲ್ಟಿನ 40 ಆಂಪಿಯರ್-ಗಂಟೆಯ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಒಂದೂವರೆ ದಿನಕ್ಕಿಂತ ಹೆಚ್ಚು ತಾಳುತ್ತದೆ, 100 ವಾಟಿನ ಸೌರಫಲಕ ಬಿಸಿಲಿನ ದಿನಗಳಲ್ಲಿ ಅದನ್ನು ತುಂಬಿಕೊಡುತ್ತದೆ. ಮುಂಗಾರಿನ ಮೋಡದಲ್ಲಿ ಫಲಕವನ್ನು ನಂಬದೆ ಎರಡನೇ ಬ್ಯಾಟರಿ ಇಟ್ಟುಕೊಳ್ಳಿ. ಪೆಟ್ಟಿಗೆಯನ್ನು ಏಣಿನ ಮೇಲಿಟ್ಟು, ಕಣಿವೆಯ ಯಾವ ತಿರುವಿನಲ್ಲಿ ಪ್ಯಾಕೆಟ್ ನಿಲ್ಲುತ್ತದೆ ಎಂಬುದನ್ನು ಮಳೆ ಬರುವ ಮುನ್ನವೇ ಒಂದು ಕಾರಿನಿಂದ ಅಳೆದು, ಆ ಸ್ಥಳಗಳನ್ನು ಕ್ಲಬ್ಬಿನ ನಕ್ಷೆಯಲ್ಲಿ ಗುರುತು ಹಾಕಿಡಿ. ಸಿಡಿಲಿನ ಕಾಲದಲ್ಲಿ ಕಂಬಕ್ಕೆ ಭೂಸಂಪರ್ಕ ಕೊಡದೆ ಯಾರೂ ಅದರ ಬಳಿ ಕೂರಕೂಡದು. ಗುಡುಗು ಹತ್ತಿರವಾದರೆ ಪ್ರಸಾರ ನಿಲ್ಲಿಸಿ, ಕಂಬ ಇಳಿಸಿ, ಆಮೇಲೆ ಮತ್ತೆ ಏರಿಸಿ.